ಗಾಲಿತ ಜಲದ ಅರ್ಥಾಂತರಗಳು

ಶ್ರಾವಕನ ನಿತ್ಯಾಚಾರಗಳಲ್ಲಿ ನೀರನ್ನು ಬಟ್ಟೆಯಿಂದ ಸೋಸಿ ಬಳಸುವ ವಿಧಿಯಷ್ಟು ಲೋಕಪ್ರಸಿದ್ಧವಾದುದು ಮತ್ತೊಂದಿಲ್ಲ. ಜಿನಮತದ ತತ್ತ್ವಗಳನ್ನು ಏನೂ ಅರಿಯದವರೂ ಜೈನರು ಸೋಸಿದ ನೀರನ್ನೇ ಕುಡಿಯುವರೆಂಬುದನ್ನೂ ಹೊತ್ತು ಮುಳುಗಿದ ಮೇಲೆ ಉಣ್ಣರೆಂಬುದನ್ನೂ ಬಲ್ಲರು. ಈ ಆಚಾರಕ್ಕೆ ಕಾರಣವೇನೆಂದು ಕೇಳಿದರೆ ಇಂದು ಪ್ರವಚನಗಳಲ್ಲಿಯೂ ಪಾಠಶಾಲೆಗಳ ಕಿರುಹೊತ್ತಗೆಗಳಲ್ಲಿಯೂ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ಸೂಕ್ಷ್ಮದರ್ಶಕ ಯಂತ್ರ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಆಚಾರ್ಯರು ನೀರಿನಲ್ಲಿರುವ ರೋಗಾಣುಗಳನ್ನು ಕಂಡರಿತು, ಸಮಾಜದ ಆರೋಗ್ಯರಕ್ಷಣೆಗಾಗಿ ಜಲಗಾಲನವನ್ನು ವಿಧಿಸಿದರು. ಈ ಉತ್ತರ ಕೇಳುವುದಕ್ಕೆ ಹಿತವಾಗಿದೆ. ತರುಣರಿಗೆ ಅಭಿಮಾನವನ್ನೂ ಉಂಟುಮಾಡುತ್ತದೆ. ಆದರೆ ಮೂಲಗ್ರಂಥಗಳು ಇದನ್ನು ಹೇಳುತ್ತವೆಯೆ ಎಂಬುದು ಬೇರೆಯ ಪ್ರಶ್ನೆ. ಹಸ್ತಪ್ರತಿಯ ಅಂಚಿನಲ್ಲಿ ಬರೆದ ಟಿಪ್ಪಣಿ ಮುಂದಿನ ಪ್ರತಿಕಾರನ ಕೈಯಲ್ಲಿ ಮೂಲದೊಳಗೆ ಸೇರಿಹೋಗುವುದನ್ನು ಗ್ರಂಥಸಂಪಾದಕರು ನಿತ್ಯವೂ ಕಾಣುತ್ತಾರೆ. ಆಚಾರಗಳ ಅರ್ಥಕ್ಕೂ ಅದೇ ಗತಿ ಒದಗುವುದುಂಟೆಂಬುದಕ್ಕೆ ಗಾಲಿತ ಜಲ ಒಳ್ಳೆಯ ನಿದರ್ಶನ.

ಈ ವಿಧಿಯ ನಿರೂಪಣೆಯಲ್ಲಿ ಪಂಡಿತ ಆಶಾಧರನ ಸಾಗಾರಧರ್ಮಾಮೃತ ತುಂಬ ಖಚಿತವಾದ ಗ್ರಂಥ. ಅದರ ಸ್ವೋಪಜ್ಞ ಟೀಕೆ ವಿಕ್ರಮ ಸಂವತ್ಸರ ೧೨೯೬ರಲ್ಲಿ, ಎಂದರೆ ಕ್ರಿ.ಶ. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ, ಮುಗಿಯಿತು. ಮೂರನೆಯ ಅಧ್ಯಾಯದಲ್ಲಿ ಆಶಾಧರನು ಜಲಗಾಲನ ವ್ರತಕ್ಕೆ ಸಲ್ಲದ ಮೂರು ನಡೆಗಳನ್ನು ಹೇಳುತ್ತಾನೆ: ಸೋಸಿದ ನೀರನ್ನು ಎರಡು ಮುಹೂರ್ತ ಕಳೆದ ಮೇಲೆ ಮತ್ತೆ ಸೋಸದಿರುವುದು, ದುಷ್ಟವಸ್ತ್ರದಿಂದ ಸೋಸುವುದು, ಸೋಸಿ ಉಳಿದುದನ್ನು ಬೇರೊಂದು ಜಲಾಶಯದಲ್ಲಿ ಹಾಕುವುದು. ಮೊದಲ ಎರಡನ್ನು ಆರೋಗ್ಯಪಕ್ಷದವರು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಮೂರನೆಯದು ಎಳೆತಕ್ಕೆ ಬರುವುದಿಲ್ಲ. ಆದುದರಿಂದಲೇ ಹೊಸ ಕಿರುಹೊತ್ತಗೆಗಳಲ್ಲಿ ಅದರ ಪ್ರಸ್ತಾಪ ಅಪರೂಪವಾಗುತ್ತಿದೆ.

ಬಟ್ಟೆಯ ಒಳಮೈಯಲ್ಲಿ ಉಳಿದ ಜೀವಗಳ ಸಮೂಹವನ್ನು ಉತ್ತರದೇಶದ ಶ್ರಾವಕರು ‘ಜೀವಾನೀ’ ಎನ್ನುವರು. ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ಅದನ್ನು ತೊಳೆದು, ಆ ತೊಳೆದ ನೀರನ್ನು ಯಾವ ಬಾವಿಯಿಂದ ಸೇದಿದ್ದೋ ಅದೇ ಬಾವಿಗೆ ಮರಳಿಸಬೇಕು. ಅದನ್ನು ಮೇಲಿನಿಂದ ಸುರಿಯಬಾರದು, ಬಿದ್ದ ಪೆಟ್ಟಿಗೆ ಜೀವಗಳು ಸಾಯುವುವು. ಅದಕ್ಕಾಗಿ ತಳದಲ್ಲಿಯೂ ಬಳೆಯಿರುವ ಬಕೀಟನ್ನು ಬಳಸುವ ರೂಢಿ ಬೆಳೆಯಿತು. ಅದು ನೀರಿನ ಮೈಯನ್ನು ಮುಟ್ಟಿದಾಗ ಹಗ್ಗವನ್ನು ಎಳೆದರೆ ಮೆಲ್ಲನೆ ಮಗುಚಿಕೊಳ್ಳುತ್ತದೆ. ಬೇರೆ ಬಾವಿಗೆ ಏಕೆ ಹಾಕಬಾರದು? ಒಂದು ನೀರಿನಲ್ಲಿ ಹುಟ್ಟಿ ಬೆಳೆದ ಜೀವ ಬೇರೆ ರುಚಿಯ, ಬೇರೆ ಶೀತೋಷ್ಣದ ನೀರಿನಲ್ಲಿ ಬದುಕಲಾರದೆಂಬ ಎಚ್ಚರದಿಂದ. ಇಷ್ಟು ನಯವಾದ ವಿಧಾನ ಕುಡಿಯುವವನ ಹೊಟ್ಟೆಯನ್ನು ನೆನೆದು ಹುಟ್ಟಿದ್ದಲ್ಲ. ರೋಗಾಣುವನ್ನು ಕಂಡು ಹೆದರಿದವನು ಅದನ್ನು ಬಟ್ಟೆಯಿಂದ ಬಿಡಿಸಿ, ನೋವಾಗದಂತೆ ಇಳಿಸಿ, ತಾನು ನಾಳೆಯೂ ಸೇದಬೇಕಾದ ಬಾವಿಗೇ ಕಳುಹಿಸಿಕೊಡುವನೆ? ಆರೋಗ್ಯವಾದಕ್ಕೆ ಎದುರಾಗಿ ಬೇರೆ ಯಾವ ಪ್ರಮಾಣವೂ ಇಲ್ಲದಿದ್ದರೂ ಈ ಒಂದು ವಿಧಿ ಸಾಕು.

ಬಟ್ಟೆ ನೀರನ್ನು ತಿಳಿಮಾಡುತ್ತದೆ ಎಂಬ ಅರಿವು ವೈದ್ಯರಿಗೆ ಇರಲಿಲ್ಲವೆಂದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕಲುಷಜಲವನ್ನು ತಿಳಿಗೊಳಿಸುವ ಏಳು ದ್ರವ್ಯಗಳನ್ನು ಎಣಿಸುವಾಗ ಚಿಲ್ಲದ ಬೀಜ, ಮುತ್ತು, ಪಾಚಿಯ ಬೇರು ಮೊದಲಾದವುಗಳ ಸಾಲಿನಲ್ಲಿ ವಸ್ತ್ರವೂ ಬಂದಿದೆ. ಅಲ್ಲಿ ಪ್ರಯೋಜನ ಸ್ಪಷ್ಟ: ಕುಡಿಯುವವನ ಹಿತ. ಉಳಿದ ಕಸವನ್ನು ಏನು ಮಾಡಬೇಕೆಂಬ ಚಿಂತೆ ಅಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಇನ್ನೊಂದು ಕಡೆ ಏಳನೆಯ ಶತಮಾನದ ಕೊನೆಯಲ್ಲಿ ಭಾರತಕ್ಕೆ ಬಂದಿದ್ದ ಚೀನದ ಭಿಕ್ಷು ಇತ್ಸಿಂಗನು ಬೌದ್ಧವಿಹಾರಗಳಲ್ಲಿ ನೀರನ್ನು ಪರೀಕ್ಷಿಸುವ, ಸೋಸುವ, ಸಿಕ್ಕಿದ ಹುಳುಗಳನ್ನು ನೀರಿಗೇ ಮರಳಿಸುವ ಕ್ರಮವನ್ನು ಬಿಡಿಸಿ ಬರೆದಿದ್ದಾನೆ. ನೀರು ಸೋಸುವ ಬಟ್ಟೆ ಭಿಕ್ಷುವಿನ ಎಂಟು ಪರಿಷ್ಕಾರಗಳಲ್ಲಿ ಒಂದು. ಹೀಗೆ ಒಂದೇ ದೇಶದಲ್ಲಿ ಒಂದೇ ಬಟ್ಟೆ ವೈದ್ಯನ ಕೈಯಲ್ಲಿ ಒಂದು ಕೆಲಸವನ್ನೂ ಶ್ರಮಣನ ಕೈಯಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಬಟ್ಟೆ ಒಂದೇ ಆದುದರಿಂದ ಉದ್ದೇಶವೂ ಒಂದೇ ಎಂದು ಹೇಳುವುದು ತರ್ಕವಲ್ಲ.

ಆಶಾಧರನಿಗೆ ವೈದ್ಯಶಾಸ್ತ್ರ ತಿಳಿಯದ ಕಾರಣ ಆರೋಗ್ಯದ ಮಾತನ್ನು ಬಿಟ್ಟಿರಬಹುದೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ವಾಗ್ಭಟನ ಅಷ್ಟಾಂಗಹೃದಯಕ್ಕೆ ತಾನು ಉದ್ಯೋತವೆಂಬ ಟೀಕೆಯನ್ನು ಬರೆದುದಾಗಿ ಆತನೇ ತನ್ನ ಪ್ರಶಸ್ತಿಯಲ್ಲಿ ಹೇಳಿಕೊಂಡಿದ್ದಾನೆ. ಅದೂ ಅಲ್ಲದೆ ಸಾಗಾರಧರ್ಮಾಮೃತದಲ್ಲಿಯೇ ರಾತ್ರಿಭೋಜನವನ್ನು ನಿಷೇಧಿಸುವಾಗ, ಕತ್ತಲಲ್ಲಿ ಅನ್ನದೊಡನೆ ಹೇನು ಮೊದಲಾದವು ಸೇರಿದರೆ ಜಲೋದರಾದಿ ರೋಗಗಳು ಬರುವುವೆಂದು ಬಾಯಿಬಿಟ್ಟು ಹೇಳುತ್ತಾನೆ. ಹೇಮಚಂದ್ರಾಚಾರ್ಯರೂ ಯೋಗಶಾಸ್ತ್ರದ ಮೂರನೆಯ ಪ್ರಕಾಶದಲ್ಲಿ ಯಾವ ಹುಳು ಹೊಟ್ಟೆಗೆ ಹೋದರೆ ಯಾವ ರೋಗವೆಂದು ಪಟ್ಟಿಯನ್ನೇ ಕೊಟ್ಟಿದ್ದಾರೆ. ಎಂದ ಮೇಲೆ ರಾತ್ರಿಭೋಜನದ ವಿಷಯದಲ್ಲಿ ಆರೋಗ್ಯದ ಹೇತು ಗ್ರಂಥಸಿದ್ಧ. ಅದನ್ನು ಅಲ್ಲಗಳೆಯುವುದೂ ಅನ್ಯಾಯವೇ. ದೇಹಹಿತವನ್ನು ಹೇಳಬೇಕೆಂದಾಗ ಹೇಳಬಲ್ಲ ಗ್ರಂಥಕಾರನು ಜಲಗಾಲನದಲ್ಲಿ ಅದನ್ನು ಹೇಳದೆ ಬಿಟ್ಟಿದ್ದರೆ, ಆ ಮೌನವನ್ನೂ ಅರ್ಥದ ಒಂದು ಭಾಗವೆಂದೇ ಎಣಿಸಬೇಕು.

ಜೈನರಲ್ಲಿ ಆರೋಗ್ಯಕ್ಕೆ ಪ್ರತ್ಯೇಕ ಶಾಸ್ತ್ರವೇ ಉಂಟು. ದ್ವಾದಶಾಂಗದ ಪ್ರಾಣಾವಾಯ ಪೂರ್ವವನ್ನು ತನ್ನ ಮೂಲವೆಂದು ಹೇಳಿಕೊಳ್ಳುವ ಆ ಪರಂಪರೆಯಲ್ಲಿ, ರಾಮಗಿರಿಯಲ್ಲಿದ್ದ ಶ್ರೀನಂದಿಶಿಷ್ಯ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ ಮುಖ್ಯ ಗ್ರಂಥ. ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳುವ ಈ ಕೃತಿಯ ಕೊನೆಯ ಹಿತಾಹಿತಾಧ್ಯಾಯ ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣೆಯನ್ನು ಖಂಡಿಸಿದ ವಾದ. ೧೯೪೦ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಪ್ರಕಟಿಸಿದರು. ಕನ್ನಡದಲ್ಲಿ ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಇದೇ ದಾರಿಯವು. ರೋಗದ ಮಾತು ಬೇಕಾದಾಗ ಜೈನ ವಿದ್ವಾಂಸರು ವೈದ್ಯಗ್ರಂಥವನ್ನು ಬರೆದರು, ಶ್ರಾವಕಾಚಾರವನ್ನು ವೈದ್ಯಗ್ರಂಥವಾಗಿಸಲಿಲ್ಲ.

ಇನ್ನು ‘ಸೂಕ್ಷ್ಮಜೀವ’ ಎಂಬ ಶಬ್ದ. ಇಂದಿನ ಕನ್ನಡದಲ್ಲಿ ಸೂಕ್ಷ್ಮಜೀವಿ ಎಂದರೆ ಯಂತ್ರದಿಂದ ಮಾತ್ರ ಕಾಣುವ ಪ್ರಾಣಿ. ಆಗಮದಲ್ಲಿ ಸೂಕ್ಷ್ಮವೆಂಬುದು ನಾಮಕರ್ಮದ ಒಂದು ಪ್ರಕೃತಿ. ಸರ್ವಾರ್ಥಸಿದ್ಧಿಯ ಎಂಟನೆಯ ಅಧ್ಯಾಯದ ಪ್ರಕಾರ ಪರರಿಗೆ ಬಾಧೆ ಕೊಡುವ ಶರೀರಕ್ಕೆ ಕಾರಣವಾದುದು ಬಾದರ, ಸೂಕ್ಷ್ಮಶರೀರವನ್ನು ರಚಿಸುವುದು ಸೂಕ್ಷ್ಮ. ಸೂಕ್ಷ್ಮನಾಮಕರ್ಮದ ಉದಯವುಳ್ಳವು ಏಕೇಂದ್ರಿಯಗಳೇ. ಅವು ಲೋಕವನ್ನೆಲ್ಲ ತುಂಬಿವೆ. ಅವುಗಳನ್ನು ಯಾವ ವಸ್ತುವೂ ತಡೆಯಲಾರದು, ಬೆಂಕಿ ಸುಡಲಾರದು, ಅವೂ ಯಾರನ್ನೂ ಬಾಧಿಸಲಾರವು. ರೋಗವನ್ನು ತರುವ ಪ್ರಾಣಿ ಸಿದ್ಧಾಂತದ ಲೆಕ್ಕದಲ್ಲಿ ಸೂಕ್ಷ್ಮವಾಗಲು ಸಾಧ್ಯವೇ ಇಲ್ಲ, ಏಕೆಂದರೆ ಅದು ಬಾಧಿಸುತ್ತದೆ. ಬಟ್ಟೆಗೆ ಸಿಕ್ಕುವುದೂ ಸೂಕ್ಷ್ಮವಲ್ಲ, ಏಕೆಂದರೆ ಅದು ತಡೆಯಲ್ಪಡುತ್ತದೆ. ಬಟ್ಟೆ ತಡೆಯುವುದು ದ್ವೀಂದ್ರಿಯಾದಿ ತ್ರಸಜೀವಗಳನ್ನು. ನೀರನ್ನೇ ಶರೀರವಾಗಿ ಪಡೆದ ಅಪ್ಕಾಯಿಕ ಜೀವ ಸೋಸಿದ ಮೇಲೂ ನೀರಿನಲ್ಲಿಯೇ ಇರುತ್ತದೆ. ಅದಕ್ಕಾಗಿಯೇ ಗಾಲಿತಕ್ಕೂ ಪ್ರಾಸುಕಕ್ಕೂ ವ್ಯತ್ಯಾಸ ಹೇಳಿ, ಮುನಿಗಳಿಗೆ ಕಾಯಿಸಿದ ನೀರನ್ನು ವಿಧಿಸಿದೆ. ಶಬ್ದಸಾಮ್ಯದ ಮೋಹದಲ್ಲಿ ಕರ್ಮಸಿದ್ಧಾಂತದ ಒಂದು ಪರಿಭಾಷೆಯನ್ನೇ ಬಲಿಗೊಟ್ಟು ಗಳಿಸುವ ಆಧುನಿಕತೆ ದುಬಾರಿಯಾದುದು.

ಈ ಮೋಹದ ಇನ್ನೊಂದು ಫಲ ಒಂದು ಸಂಖ್ಯೆ. ಒಂದು ಹನಿ ನೀರಿನಲ್ಲಿ ೩೬,೪೫೦ ಚಲಿಸುವ ಜೀವಗಳಿವೆಯೆಂದು ಕ್ಯಾಪ್ಟನ್ ಸ್ಕೋರ್ಸ್‌ಬಿ ಎಂಬ ವಿಜ್ಞಾನಿ ಯಂತ್ರದಿಂದ ಕಂಡು ಎಣಿಸಿದನೆಂಬ ಮಾತು ಹಿಂದಿ, ಗುಜರಾತಿ, ಕನ್ನಡ, ಇಂಗ್ಲಿಷು ಎನ್ನದೆ ಹಬ್ಬಿದೆ. ಕೆಲವು ಹೊತ್ತಗೆಗಳಲ್ಲಿ ಚಿತ್ರದೊಡನೆಯೂ ಅಚ್ಚಾಗಿದೆ. ವಿಲಿಯಂ ಸ್ಕೋರ್ಸ್‌ಬಿ ಕಲ್ಪಿತ ವ್ಯಕ್ತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಗ್ರೀನ್‌ಲೆಂಡಿನ ಕಡಲಿನಲ್ಲಿ ತಿಮಿಂಗಿಲಗಳನ್ನು ಬೇಟೆಯಾಡುತ್ತಿದ್ದ ಆಂಗ್ಲ ಹಡಗಿನ ಕಪ್ತಾನ, ನಿಪುಣ ವೀಕ್ಷಕ. (ಅಹಿಂಸೆಗೆ ಸಾಕ್ಷಿ ನುಡಿಯಲು ತಿಮಿಂಗಿಲದ ಬೇಟೆಗಾರನೇ ದೊರೆತದ್ದು ವಿಧಿಯ ವಿನೋದ.) ಉತ್ತರಸಮುದ್ರದಲ್ಲಿ ಹಳದಿ ಬೆರೆತ ಹಸಿರಾಗಿ ಬಣ್ಣಗೆಟ್ಟ ಒಂದು ಕಡೆಯ ನೀರನ್ನು ತೆಗೆದು, ಸೂಕ್ಷ್ಮದರ್ಶಕದ ಗಾಜಿನ ಮೇಲಣ ಚೌಕಗಳಲ್ಲಿ ಎಣಿಸಿ, ಚೌಕವೊಂದಕ್ಕೆ ಸರಾಸರಿ ೫೦ರಂತೆ ೫೨೯ ಚೌಕಗಳಿಗೆ ಆತ ಲೆಕ್ಕ ಹಾಕಿದನು. ಐವತ್ತನ್ನು ಐನೂರ ಇಪ್ಪತ್ತೊಂಬತ್ತರಿಂದ ಗುಣಿಸಿದರೆ ೨೬,೪೫೦ ಬರುತ್ತದೆ; ಆತನು ಕೊಟ್ಟ ಸಂಖ್ಯೆಯೂ ಅದೇ. ಎರಡು ಎಂಬುದು ಮೂರಾಗಿ, ಹತ್ತು ಸಾವಿರ ಜೀವಗಳು ಯಾವನೋ ಪ್ರತಿಕಾರನ ಕೈಯಲ್ಲಿ ಹುಟ್ಟಿದವು. ಲಿಪಿದೋಷ ಓಲೆಗಳಿಗೆ ಮಾತ್ರ ಮೀಸಲಲ್ಲ, ಅಚ್ಚಿನ ಮನೆಯಲ್ಲಿಯೂ ಅದು ಸಂತತಿಯನ್ನು ಬೆಳೆಸುತ್ತದೆ.

ಸಂಖ್ಯೆಯನ್ನು ತಿದ್ದಿದರೂ ಸಾಕ್ಷ್ಯ ನಿಲ್ಲುವುದಿಲ್ಲ. ಸ್ಕೋರ್ಸ್‌ಬಿ ಕಂಡದ್ದು ಬಾವಿಯ ನೀರಲ್ಲ, ಆ ಜೀವಗಳ ದಟ್ಟಣೆಯಿಂದಲೇ ಬಣ್ಣಗೆಟ್ಟ ಹಿಮಕಡಲಿನ ಉಪ್ಪುನೀರು. ಅವು ನೀರಿನಲ್ಲಿದ್ದ ಪ್ರಾಣಿಗಳೇ ಹೊರತು ನೀರೇ ಶರೀರವಾದ ಜೀವಗಳಲ್ಲ. ಅಪ್ಕಾಯಿಕ ಸಿದ್ಧಾಂತಕ್ಕೆ ಈ ಎಣಿಕೆಯಿಂದ ಬಲವೂ ಬರುವುದಿಲ್ಲ, ಹಾನಿಯೂ ಆಗುವುದಿಲ್ಲ. ಅದು ಬೇರೆ ವಿಷಯ.

ಹಾಗಾದರೆ ‘ಶುಚಿ’ ಎಂಬುದರ ಅರ್ಥ ಈ ಪರಂಪರೆಯಲ್ಲಿ ಹೇಗೆ ನಡೆದುಬಂತು? ಮೊದಲಲ್ಲಿ ಅದು ದೇಹದ ಮಾತೇ ಅಲ್ಲ. ದಶಧರ್ಮಗಳಲ್ಲಿನ ಉತ್ತಮಶೌಚವೆಂದರೆ ಲೋಭದ ನಿವೃತ್ತಿ. ದೇಹವೋ ಅಶುಚಿತ್ವಾನುಪ್ರೇಕ್ಷೆಯ ವಸ್ತು. ಎಷ್ಟು ತೊಳೆದರೂ ಅದು ಶುಚಿಯಾಗದು. ಮೂಲಾಚಾರದ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನ, ಅದಂತಧಾವನ ಎರಡೂ ಸೇರಿವೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ನದೀಸಮುದ್ರಸ್ನಾನದಿಂದ ಪುಣ್ಯವೆಂಬ ನಂಬಿಕೆಯನ್ನು ಲೋಕಮೂಢತೆಯ ಪಟ್ಟಿಯಲ್ಲಿ ಇಟ್ಟರು. ಸ್ವಭಾವದಿಂದ ಅಶುಚಿಯಾದರೂ ರತ್ನತ್ರಯದಿಂದ ಪವಿತ್ರವಾದ ದೇಹವನ್ನು ಕಂಡು ಹೇಸದಿರುವುದೇ ನಿರ್ವಿಚಿಕಿತ್ಸೆ ಎಂದರು. ಹೊಲಸನ್ನು ದೂರವಿಡುವ ಕಲೆಯೇ ಆರೋಗ್ಯವೆಂದು ಎಣಿಸುವ ಕಾಲಕ್ಕೆ, ಹೇಸಿಗೆಯನ್ನೇ ದೋಷವೆಂದು ಎಣಿಸಿದ ಈ ಮಾತು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಆದರೂ ಸಾರ್ವಜನಿಕ ನೈರ್ಮಲ್ಯದ ಮಾತು ಪ್ರಾಚೀನ ಆಚಾರಗ್ರಂಥಗಳಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಅದು ಇರುವುದು ನೀರಿನ ವಿಧಿಯಲ್ಲಲ್ಲ, ಪ್ರತಿಷ್ಠಾಪನ ಸಮಿತಿಯಲ್ಲಿ. ಮಲಮೂತ್ರಾದಿಗಳನ್ನು ಬಿಡುವ ಸ್ಥಳ ಏಕಾಂತವೂ ಅಚಿತ್ತವೂ ದೂರವೂ ಗೂಢವೂ ವಿಶಾಲವೂ ಅವಿರೋಧವೂ ಆಗಿರಬೇಕೆಂದು ವಟ್ಟಕೇರಾಚಾರ್ಯರು ಹೇಳುತ್ತಾರೆ. ಅಚಿತ್ತವೆಂಬುದು ಜೀವದಯೆಗೆ, ಅವಿರೋಧವೆಂಬುದು ಜನರಿಗೆ. ಪರರು ಆಕ್ಷೇಪಿಸದ ಸ್ಥಳವೆಂಬ ಈ ಒಂದು ಪದದಲ್ಲಿ ಊರಿನವರ ಹಿತಕ್ಕೂ ಮುನಿಯ ವ್ರತಕ್ಕೂ ಸಂಬಂಧ ಏರ್ಪಟ್ಟಿದೆ. ಆರೋಗ್ಯವಾದಿಗಳು ಈ ಗಾಥೆಯನ್ನು ಬಿಟ್ಟು ಬಾವಿಯ ಬಳಿಗೆ ಓಡುವುದು ಆಶ್ಚರ್ಯ.

ಶುಚಿಯ ಎರಡನೆಯ ಅರ್ಥ ಲೋಕವ್ಯವಹಾರದ ಒತ್ತಡದಿಂದ ಬಂದುದು. ಅಕಲಂಕದೇವರು ರಾಜವಾರ್ತಿಕದಲ್ಲಿ ಶುಚಿತ್ವವನ್ನು ಲೌಕಿಕ, ಲೋಕೋತ್ತರ ಎಂದು ವಿಭಾಗಿಸಿ, ಕಾಲ, ಅಗ್ನಿ, ಭಸ್ಮ, ಮೃತ್ತಿಕೆ, ಗೋಮಯ, ನೀರು ಮೊದಲಾದವುಗಳನ್ನು ಲೌಕಿಕದ ಸಾಲಿಗೆ ಸೇರಿಸಿದರು. ಆತ್ಮಶುದ್ಧಿಗೆ ಇವು ಸಾಲವೆಂದರು. ಶಕ ೮೮೧ರಲ್ಲಿ, ಕ್ರಿ.ಶ. ೯೫೯ರಲ್ಲಿ, ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮ್ಯಕ್ತ್ವಕ್ಕೆ ಹಾನಿಯಿಲ್ಲದ, ವ್ರತಕ್ಕೆ ದೂಷಣೆಯಿಲ್ಲದ ಲೌಕಿಕವಿಧಿಯೆಲ್ಲ ಜೈನರಿಗೆ ಪ್ರಮಾಣವೆಂದರು. ಗೃಹಸ್ಥನು ದೇವಪೂಜೆಗೆ ಮೊದಲು ಸ್ನಾನ ಮಾಡಬೇಕು. ಗಾಳಿಬಿಸಿಲು ಸೋಕಿದ ಹೆಚ್ಚು ನೀರಿನ ಕೆರೆಯಾದರೆ ಮುಳುಗಬಹುದು, ಅಲ್ಲದಿದ್ದರೆ ಸೋಸಿದ ನೀರು ಬೇಕು. ಇಲ್ಲಿಯವರೆಗೆ ದಯೆಯ ಎಳೆ ಕಡಿದಿಲ್ಲ. ಆದರೆ ಅದೇ ಗ್ರಂಥದಲ್ಲಿ ಕೆಲವರನ್ನು ಸೋಕಿದರೆ ಮುನಿಯೂ ಮೀಯಬೇಕೆಂಬ ವಿಧಿಯೂ ಬಂದಿತು. ತೆರೆದ ಬಾಗಿಲಿನಿಂದ ಬೇಕಾದುದಷ್ಟೇ ಒಳಗೆ ಬರುವುದಿಲ್ಲ. ೧೬೧೦ರ ಸೋಮಸೇನನ ತ್ರಿವರ್ಣಾಚಾರದ ವೇಳೆಗೆ ಸೂತಕ, ಸ್ಪರ್ಶದೋಷ, ಮೃತ್ತಿಕಾಶೌಚಗಳ ವಿವರಗಳು ತುಂಬಿಕೊಂಡವು; ಇವುಗಳಲ್ಲಿ ಎಷ್ಟು ಭಾಗ ಪರಮತಗ್ರಂಥಗಳಿಂದ ಬಂದುದೆಂಬುದನ್ನು ಪಂಡಿತ ಜುಗಲಕಿಶೋರ ಮುಖ್ತಾರರು ಗ್ರಂಥಪರೀಕ್ಷೆಯಲ್ಲಿ ಸಾಲುಸಾಲಾಗಿ ಹಿಡಿದು ತೋರಿಸಿದರು. ಮಾತಂಗನಲ್ಲಿ ಹುಟ್ಟಿದವನೂ ಸಮ್ಯಗ್ದರ್ಶನವಿದ್ದರೆ ದೇವನೆಂದ ರತ್ನಕರಂಡಕದ ಪಕ್ಕದಲ್ಲಿ ಈ ವಿಧಿಗಳನ್ನಿಟ್ಟು ಓದಿದರೆ, ಜೀವಕ್ಕಾಗಿ ಹಿಡಿದ ಬಟ್ಟೆ ಜನರ ನಡುವಣ ತೆರೆಯಾದ ಬಗೆ ತಿಳಿಯುತ್ತದೆ.

ಮೂರನೆಯ ಅರ್ಥ, ಎಂದರೆ ಆರೋಗ್ಯದ ಅರ್ಥ, ಒಂದೂವರೆ ಶತಮಾನಕ್ಕಿಂತ ಹಳೆಯದಾಗಿರುವುದು ಕಷ್ಟ. ಕಾಲರಾದಂಥ ರೋಗಗಳಿಗೆ ಕೆಟ್ಟ ಗಾಳಿಯೇ ಕಾರಣವೆಂದು ಯುರೋಪಿನ ವೈದ್ಯರಲ್ಲಿ ಹಲವರು ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ನಂಬಿದ್ದರು. ರಾಬರ್ಟ್ ಕಾಖ್ ಕಲ್ಕತ್ತೆಯ ಕೆರೆಯ ನೀರಿನಲ್ಲಿ ಕಾಲರಾದ ಅಣುವನ್ನು ಗುರುತಿಸಿದ್ದು ೧೮೮೪ರಲ್ಲಿ. ೧೮೯೬ರಲ್ಲಿ ಮುಂಬಯಿಗೂ ೧೮೯೮ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದಿತು. ರೋಗಾಣು ಎಂಬ ಕಲ್ಪನೆ ಮನೆಮಾತಾದ ಮೇಲೆ, ಜೈನರು ಕೊಳಕರೆಂದು ಹಳಿಯುವವರಿಗೆ ಉತ್ತರ ಕೊಡಬೇಕಾದ ವಿದ್ಯಾವಂತ ಶ್ರಾವಕನಿಗೆ ಗಾಲಿತ ಜಲ ಕೈಗೆ ಸಿಕ್ಕಿದ ಆಯುಧವಾಯಿತು. ಇದು ಸಹಜ. ೨೦೨೦ರ ಮಹಾಮಾರಿಯ ಕಾಲದಲ್ಲಿ ಶ್ವೇತಾಂಬರ ಸಾಧುಗಳ ಮುಹಪತ್ತಿಯನ್ನು ಮುಖಗವಸಿನ ಪೂರ್ವರೂಪವೆಂದು ಹೊಗಳಿದುದೂ ಇದೇ ಜಾತಿಯದು. ಬಾಯಿಯ ಬಿಸಿಯುಸಿರಿನಿಂದ ವಾಯುಕಾಯಿಕಗಳಿಗೆ ನೋವಾಗಬಾರದೆಂದೂ, ಓದುವಾಗ ಎಂಜಲು ಸಿಡಿದು ಶಾಸ್ತ್ರಕ್ಕೆ ಆಶಾತನೆಯಾಗಬಾರದೆಂದೂ ಹಿಡಿದ ಬಟ್ಟೆ ಅದು.

ಬಟ್ಟೆ ರೋಗವನ್ನು ತಡೆಯುವುದಿಲ್ಲವೆಂದು ಇದರಿಂದ ತಾತ್ಪರ್ಯವಲ್ಲ. ತಡೆಯುತ್ತದೆ, ಅದಕ್ಕೆ ಪ್ರಮಾಣವೂ ಉಂಟು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯ ಬಟ್ಟೆಯನ್ನು ನಾಲ್ಕಾಗಿ ಮಡಿಸಿ ನೀರು ಸೋಸಿದುದರಿಂದ ಕಾಲರಾ ಶೇಕಡ ೪೮ರಷ್ಟು ಇಳಿಯಿತೆಂದು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ೨೦೦೩ರಲ್ಲಿ ಪ್ರಕಟಿಸಿದರು. ಕಾಲರಾದ ಅಣು ಬಿಡಿಯಾಗಿ ಬಟ್ಟೆಗೆ ಸಿಕ್ಕುವಷ್ಟು ದೊಡ್ಡದಲ್ಲ. ಅದು ಅಂಟಿಕೊಂಡಿರುವ ನೀರುಹುಳುಗಳು ಸಿಕ್ಕುತ್ತವೆ. ಅಲ್ಲಿ ಕಂಡ ಒಂದು ವಿವರ ಕುತೂಹಲಕರ: ತೊಳೆತೊಳೆದು ಎಳೆ ಬಿಚ್ಚಿದ ಹಳೆಯ ಬಟ್ಟೆಯೇ ಹೊಸದಕ್ಕಿಂತ ಮೇಲು. ಆಶಾಧರನ ದುಷ್ಟವಸ್ತ್ರಕ್ಕೆ ಚಿಕ್ಕದು, ತೂತುಬಿದ್ದದ್ದು, ಜೀರ್ಣವಾದದ್ದು ಎಂದು ಅರ್ಥಮಾಡುವುದು ರೂಢಿ. ಮೂವತ್ತಾರು ಅಂಗುಲ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲದ ಬಟ್ಟೆಯನ್ನು ಎರಡಾಗಿ ಮಡಿಸಬೇಕೆಂದು ಪರಂಪರೆ ಹೇಳುತ್ತದೆ, ನಾಲ್ಕಾಗಿ ಅಲ್ಲ. ಪ್ರಯೋಗಶಾಲೆ ಮೆಚ್ಚುವ ಬಟ್ಟೆಯನ್ನು ವ್ರತಿ ತಿರಸ್ಕರಿಸುತ್ತಾನೆ.

ಇನ್ನೂ ಸ್ಪಷ್ಟವಾದ ನಿದರ್ಶನ ನಾರುಹುಣ್ಣು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿದ್ದ ಈ ರೋಗದ ನಿರ್ಮೂಲನ ಕಾರ್ಯ ೧೯೮೩-೮೪ರಲ್ಲಿ ಆರಂಭವಾಯಿತು. ಕೊನೆಯ ರೋಗಿ ೧೯೯೬ರಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. ೨೦೦೦ದ ಫೆಬ್ರವರಿಯಲ್ಲಿ ಭಾರತ ರೋಗಮುಕ್ತವೆಂದು ಘೋಷಿತವಾಯಿತು. ಆರೋಗ್ಯ ಕಾರ್ಯಕರ್ತರು ಹಳ್ಳಿಗರಿಗೆ ಮಾಡಿದ ಉಪದೇಶಗಳಲ್ಲಿ ಒಂದು ನೀರನ್ನು ಬಟ್ಟೆಯಿಂದ ಸೋಸಿರಿ ಎಂಬುದು. ಅದೇ ಕಾರ್ಯಕರ್ತರು ಮಾಡಿದ ಇನ್ನೊಂದು ಕೆಲಸ ಮೆಟ್ಟಿಲುಬಾವಿ ಮೊದಲಾದ ನೀರಿನ ನೆಲೆಗಳಿಗೆ ಟೆಮೆಫಾಸ್ ಎಂಬ ಮದ್ದು ಹಾಕಿ ರೋಗವನ್ನು ಹೊರುವ ನೀರುಹುಳುಗಳನ್ನು ಕೊಲ್ಲುವುದು. ಮೊದಲನೆಯದನ್ನು ಶ್ರಾವಕನು ಮೊದಲೇ ಮಾಡುತ್ತಿದ್ದನು. ಎರಡನೆಯದು ಆತನ ವ್ರತದ ನೇರ ವಿರೋಧ: ಅವರು ಕೊಲ್ಲಬೇಕೆಂದ ಆ ಹುಳುವನ್ನೇ ಆತನು ಜೀವಾನಿಯೊಡನೆ ಬಾವಿಗೆ ಮರಳಿಸುತ್ತಿದ್ದನು. ಸೋಸಿದವನಿಗೆ ರಕ್ಷಣೆ ದೊರೆಯಿತು, ಸೋಸದೆ ಕುಡಿಯುವ ನೆರೆಯವನಿಗೆ ದೊರೆಯಲಿಲ್ಲ. ಒಬ್ಬನ ದಯೆ ಇನ್ನೊಬ್ಬನಿಗೆ ರೋಗವಾಗುವಲ್ಲಿ ಗೃಹಸ್ಥನು ಏನು ಮಾಡಬೇಕೆಂಬುದು ಪಂಡಿತರು ನಿಜವಾಗಿ ಚರ್ಚಿಸಬೇಕಾದ ಪ್ರಶ್ನೆ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಮಾತ್ರ ಪೂರ್ಣವಾಗಿ ತ್ಯಾಜ್ಯ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳ ವಿಚಾರ ಬೇರೆ ಎಂಬ ವಿಭಾಗ ಪರಂಪರೆಯಲ್ಲಿಯೇ ಇದೆ. ಬಾವಿಗೆ ಮದ್ದು ಹಾಕುವುದು ಇವುಗಳಲ್ಲಿ ಯಾವುದು? ವ್ರತವೂ ಆರೋಗ್ಯವೂ ಒಂದೇ ಎನ್ನುವವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅವರ ವ್ಯಾಖ್ಯಾನದ ದೊಡ್ಡ ಕೊರತೆ ಇದೇ.

ವ್ರತಕ್ಕೆ ಆರೋಗ್ಯವೇ ಹೇತುವಾದರೆ, ಕ್ಲೋರಿನ್ ಬೆರೆಸಿದ ನಲ್ಲಿಯ ನೀರೂ ಮನೆಯ ಶೋಧಕಯಂತ್ರವೂ ಬಂದ ಮೇಲೆ ಬಟ್ಟೆಗೆ ಕೆಲಸವಿಲ್ಲ. ಹೇತು ದಯೆಯಾದರೆ, ಯಂತ್ರ ಸೋಸಿ ಚರಂಡಿಗೆ ಬಿಡುವ ಜೀವಗಳ ವಿಚಾರ ಉಳಿಯುತ್ತದೆ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿದವನು ಜೀವಾನಿಯನ್ನು ಯಾವ ಬಾವಿಗೆ ಮರಳಿಸಬೇಕೆಂಬುದೂ ಉಳಿಯುತ್ತದೆ. ಈ ಎರಡನೆಯ ಪ್ರಶ್ನೆಗೆ ಹಳೆಯ ಶ್ರಾವಕಾಚಾರಗಳಲ್ಲಿ ಉತ್ತರವಿಲ್ಲ, ಇರಲು ಸಾಧ್ಯವೂ ಇಲ್ಲ. ಉತ್ತರವನ್ನು ಹುಡುಕುವವನಿಗೆ ಮೂಲದ ಮೂರು ಅತಿಚಾರಗಳೂ ಕೈಯಲ್ಲಿರಬೇಕು. ಹೊಸ ತಾತ್ಪರ್ಯಗಳನ್ನು ಬರೆಯುವವರು ಕಾಲಕ್ಕೆ ಒಗ್ಗದೆಂಬ ಕಾರಣದಿಂದ ಮೂರನೆಯದನ್ನು ಬಿಟ್ಟು, ಮೊದಲೆರಡಕ್ಕೆ ರೋಗಾಣುವಿನ ವಿವರಣೆಯನ್ನು ಸೇರಿಸಿ ಅಚ್ಚು ಹಾಕಿದರೆ, ಅಂಥ ವಿವರಣೆಗೆ ಕಂಸವಾದರೂ ಇರಲಿ.